ಮಾರಿದ ಮನೆ, ಮೂರು ಒಗಟು

“ಮುತ್ತಿನಕೋಟೆಯ ಮಹಾಜನರೇ, ಕೆಲಸ ಬಿಟ್ಟು ಕಿವಿಗೊಡಿ! ಅರಸರ ಮಗಳು ವೀರಾಜಿಯವರು ಮೂರು ಒಗಟು ಹೇಳುತ್ತಾರೆ. ಮೂರನ್ನೂ ಬಿಡಿಸಿದವನಿಗೆ ಅವರನ್ನು ಧಾರೆಯೆರೆದು ಕೊಡಲಾಗುವುದು. ಮೇಲೆ ಅವನು ಬೇಡಿದ್ದೊಂದು ನಡೆಸಿಕೊಡಲಾಗುವುದು. ಒಂದು ತಪ್ಪಿದರೂ ಹೊತ್ತು ಮುಳುಗುವಾಗ ತಲೆದಂಡ!”

ಡಂಗುರದವನು ಹೀಗೆ ಸಾರುತ್ತ ಬಟ್ಟೆ ಅಂಗಡಿಗಳ ಬೀದಿ ದಾಟಿ ಹೋದ. ಅಂಗಡಿಯೊಳಗೆ ಕೂತಿದ್ದ ಕೆಂಚಪ್ಪನ ಮನಸ್ಸಿಗೆ ಮೊದಲು ಬಂದವನು ಅವನ ತಮ್ಮ. ‘ದ್ಯಾವಣ್ಣ ಇದನ್ನು ಕೇಳಿಸಿಕೊಂಡನೋ ಏನೋ!’

ಅಪ್ಪ ಬಿಟ್ಟುಹೋದ ಮನೆಯನ್ನು ಕೆಂಚಪ್ಪನೇ ಮುಂದೆ ನಿಂತು ಮಾರಿಸಿದ್ದ. ಹಿರಿಯನೆಂದು ಹೆಚ್ಚಿನ ಪಾಲು ತೆಗೆದುಕೊಂಡು ಈ ಅಂಗಡಿ ಹಾಕಿದ್ದ. ದ್ಯಾವಣ್ಣ ಸಿಕ್ಕಿದ್ದನ್ನು ಕಣ್ಣಿಗೊತ್ತಿಕೊಂಡು ಕೆರೆಯಂಚಿನಲ್ಲಿ ಗುಡಿಸಲು ಕಟ್ಟಿ ಚಾಪೆ ಹೆಣೆಯುತ್ತಿದ್ದ. ಆದರೂ ಕೆಂಚಪ್ಪನಿಗೆ ಸಮಾಧಾನವಿರಲಿಲ್ಲ. ಹಬ್ಬ ಬಂದರೆ ಅಕ್ಕ ತಿಪ್ಪವ್ವ ಆ ಗುಡಿಸಲಿಗೇ ಹೋಗುತ್ತಿದ್ದಳು. ದಾರಿಹೋಕರು ಅಲ್ಲೇ ಕೂತು ಹರಟುತ್ತಿದ್ದರು. ಚಾಪೆ ಹೆಣೆಯುತ್ತ ತಮ್ಮ ಗುನುಗುವ ಹಾಡು ಕಿವಿಗೆ ಬಿದ್ದರೂ ಕೆಂಚಪ್ಪನಿಗೆ ಉರಿ. ‘ನನಗಿಲ್ಲದ್ದು ಇವನಿಗೇನಿದೆ ಅಂತ ಹಾಡುತ್ತಾನೆ?’

ಅರಸನ ಅಳಿಯನಾದರೆ ಆ ಹಾಡು ನಿಂತೀತು ಎಂದುಕೊಂಡು ಅವನು ಜರಿಯಂಚಿನ ಪಂಚೆ ಉಟ್ಟು ಅರಮನೆಗೆ ಹೋದ. ಹಿಂದೆಯೇ ದ್ಯಾವಣ್ಣ ಓಡಿಬಂದ. “ಬ್ಯಾಡ ಅಣ್ಣ, ತಲೆ ಹೋಗೋ ಆಟ ಇದು.”

“ನಾನು ಗೆದ್ದೇನು ಅಂತ ನಿನಗೆ ಹೊಟ್ಟೆಯುರಿ,” ಎಂದು ಕೆಂಚಪ್ಪ ಅವನನ್ನು ನೂಕಿ ಒಳಗೆ ನಡೆದ.

ಒಡ್ಡೋಲಗದಲ್ಲಿ ವೀರಾಜಿ ಮೊದಲ ಒಗಟು ಹೇಳಿದಳು: “ಒಂದೇ ಊಟಕ್ಕೆ ಎರಡು ಕಡೆ ಎಲೆ ಹಾಕಿಸಿಕೊಳ್ಳುತ್ತಾನೆ. ಇಲ್ಲಿ ‘ಬೀಳುವ ಹಾಗಿದೆ’ ಅನ್ನುತ್ತಾನೆ, ಅಲ್ಲಿ ಅದನ್ನೇ ‘ಕಲ್ಲಿನಂತಿದೆ’ ಅನ್ನುತ್ತಾನೆ. ಯಾರವನು?”

ಒಬ್ಬ ಪಾಳೆಯಗಾರನ ಮಗ ನೆಂಟನೆಂದ. ಒಬ್ಬ ಪಂಡಿತ ಜೋಯಿಸನೆಂದ. ಇಬ್ಬರ ಕೈಗೂ ಹಗ್ಗ ಬಿತ್ತು. ಕೆಂಚಪ್ಪ ಎದ್ದು, “ದಲ್ಲಾಳಿ,” ಎಂದ. ಸಭೆ ತಲೆದೂಗಿತು. ಅವನು ತಿರುಗಿ, ಬಾಗಿಲಲ್ಲಿ ನಿಂತ ತಮ್ಮ ನೋಡಿದನೇ ಎಂದು ನೋಡಿದ.

“ಎರಡನೆಯದು. ಒಂದು ತೊಟ್ಟು ಮಸಿ. ಅದು ಬಿದ್ದರೆ ಕಲ್ಲು ಮರ ಎಲ್ಲ ಕೈ ಬದಲಾಯಿಸುತ್ತವೆ. ಇಟ್ಟವಳಿಗೆ ಮಾತ್ರ ತಾನು ಬಂದ ದಾರಿ ಮತ್ತೆ ಇಲ್ಲ.”

ಕೆಂಚಪ್ಪ ಬೆವರಿದ. “ಮಾಟಗಾತಿಯ ಕಾಡಿಗೆ,” ಎಂದ. ಭಟರು ಅವನ ಕೈಕಟ್ಟಿದರು.

ಆಗ ದ್ಯಾವಣ್ಣ ಮುಂದೆ ಬಂದು ಕೈಮುಗಿದ. “ತಾಯಿ, ನಾನು ಬಿಡಿಸಬಹುದಾ?”

‘ನಾನು ಸಾಯುವ ಹೊತ್ತಿಗೇ ಕಾದಿದ್ದ, ಅರಸನ ಮಗಳನ್ನು ಹೊಡೆದುಕೊಳ್ಳೋಕೆ,’ ಎಂದು ಕೆಂಚಪ್ಪ ಹಲ್ಲು ಕಡಿದ.

“ಮೊದಲನೆಯದು ದಲ್ಲಾಳಿಯೇ. ಮಾರುವವನಿಗೆ ಮನೆ ಹಳತು ಅಂತಾನೆ, ಕೊಳ್ಳುವವನಿಗೆ ಗಟ್ಟಿ ಅಂತಾನೆ. ಎರಡನೆಯದು ಮನೆ ಮಗಳ ಹೆಬ್ಬೆಟ್ಟು, ತಾಯಿ. ನಮ್ಮನೆ ಕ್ರಯಪತ್ರಕ್ಕೆ ನಮ್ಮಕ್ಕ ಒತ್ತಿದ್ದಳು. ಊರಾಚೆವರೆಗೂ ನಾನು ಕಳಿಸೋಕೆ ಹೋಗಿದ್ದೆ. ‘ಇನ್ನು ಹಬ್ಬಕ್ಕೆ ಎಲ್ಲಿಗೆ ಬರಲೋ ತಮ್ಮ?’ ಅಂದಳು.”

ಕೆಂಚಪ್ಪನಿಗೆ ಆ ದಿನ ನೆನಪಾಯಿತು. ಅಕ್ಕನಿಗೆ ಒಂದು ಸೀರೆ ಕೊಟ್ಟು, ಉಂಡೆಯಾ ಎಂದು ಕೂಡ ಕೇಳದೆ, ಅವನು ಪತ್ರದ ಮಸಿ ಒಣಗಿತೋ ಎಂದು ನೋಡುತ್ತಿದ್ದ.

ವೀರಾಜಿಯ ದನಿ ತಗ್ಗಿತು. “ಮೂರನೆಯದು. ಪಾಲಾಗುವ ದಿನ ಅದನ್ನು ಯಾರೂ ಕೇಳುವುದಿಲ್ಲ, ಯಾರೂ ಕೊಡುವುದಿಲ್ಲ. ಆದರೂ ಹೆಚ್ಚು ಪಡೆದವನ ಹಿಂದೆಯೇ ಹೋಗುತ್ತದೆ. ಕೂಳು ನೀರು ಬೇಡ, ಸಾಕಿದವನನ್ನೇ ತಿಂದು ಬೆಳೆಯುತ್ತದೆ. ಏನದು?”

ದ್ಯಾವಣ್ಣ ಬಾಯಿ ತೆರೆದ. ಅಣ್ಣನನ್ನು ನೋಡಿದ. ಮತ್ತೆ ಮುಚ್ಚಿಕೊಂಡ.

‘ಗೊತ್ತಿಲ್ಲ ಇವನಿಗೆ!’ ಕೆಂಚಪ್ಪನಿಗೆ ಒಳಗೊಳಗೇ ತಂಪಾಯಿತು. ಆದರೆ ಒಗಟು ಎದೆಗೆ ಇಳಿದಂತೆ ಅದರ ಉತ್ತರ ಅವನಿಗೇ ಹೊಳೆಯಿತು. ತಮ್ಮನಿಗೂ ಹೊಳೆದಿದೆ, ತುಂಬಿದ ಸಭೆಯಲ್ಲಿ ಅಣ್ಣನ ಮಾನ ಕಳೆಯಲಾರದೆ ನಿಂತಿದ್ದಾನೆ ಎಂಬುದೂ ತಿಳಿಯಿತು. ಮಂತ್ರಿ ಭಟರತ್ತ ಕೈಯೆತ್ತಿದ. ಕೆಂಚಪ್ಪನ ಹೊಟ್ಟೆಯಲ್ಲಿ ಹಿಂದೆಂದೂ ಏಳದಂಥ ಉರಿ ಎದ್ದಿತು.

“ಹೇಳೋ!” ಎಂದು ಅವನು ಅರಚಿದ. “ಸಾಯುವಾಗಲೂ ನೀನೇ ನನಗಿಂತ ಒಳ್ಳೆಯವನಾಗಬೇಕಾ? ನನ್ನ ಮುಖ ಏನು ನೋಡ್ತೀಯ, ಹೇಳು!”

ದ್ಯಾವಣ್ಣನ ಕಣ್ಣು ತುಂಬಿತು. “ಹೊಟ್ಟೆಕಿಚ್ಚು, ತಾಯಿ,” ಎಂದು ಮೆಲ್ಲಗೆ ಹೇಳಿದ. “ಕಡಿಮೆ ಸಿಕ್ಕವನಿಗೆ ಬರೋದು ಸಹಜ. ಹೆಚ್ಚು ಸಿಕ್ಕವನಿಗೆ ಬಂದರೆ ಅದಕ್ಕೆ ಮದ್ದಿಲ್ಲ.”

ವೀರಾಜಿ ಪೀಠದಿಂದ ಇಳಿದು ಬಂದಳು. “ನನ್ನ ತಾಯಿಯ ಮನೆ ನನಗೆ ಬಂದಿದೆ. ಹಿಂದೆ ನನ್ನನ್ನು ಕೇಳಬಂದ ವರರೆಲ್ಲ ಅದನ್ನು ಮಾರಿದರೆ ಏನು ಬಂದೀತು ಎಂದು ಕೇಳಿದರು. ಏನು ಹೋದೀತು ಎಂದು ಕೇಳಿದವರಿಲ್ಲ. ಅದಕ್ಕೇ ಈ ಒಗಟು. ನಿನಗೇನು ಬೇಕೋ ಬೇಡು.”

“ಅಣ್ಣನ ಜೀವ. ಅದಕ್ಕೇ ಬಂದವನು ನಾನು. ಕೈಕಟ್ಟಿಸಿಕೊಂಡು ನಿಂತ ಅವರಿಬ್ಬರದೂ, ದೊಡ್ಡ ಮನಸ್ಸು ಮಾಡಿದರೆ.”

ಮೂವರ ಹಗ್ಗವೂ ಬಿಚ್ಚಿತು. ಒಂಬತ್ತನೆಯ ದಿನ ವೀರಾಜಿಯ ತಾಯಿಯ ಮನೆಯಲ್ಲೇ ಮದುವೆಯಾಯಿತು. ತಿಪ್ಪವ್ವ ಅಂಗಳಕ್ಕೆ ರಂಗೋಲಿಯಿಟ್ಟಳು. ಕೆಂಚಪ್ಪ ಅಕ್ಷತೆ ಹಾಕಿ, ಯಾರಿಗೂ ಹೇಳದೆ ಹೊರಟಿದ್ದ. ಮದುಮಗನೇ ಓಡಿಬಂದು ಅವನ ಕೈಹಿಡಿದ.

“ಉಣ್ಣದೆ ಹೋಗಬ್ಯಾಡ ಅಣ್ಣ.”

ಪಂಕ್ತಿಯಲ್ಲಿ ಕೂತ ಕೆಂಚಪ್ಪ, ರೂಢಿಯಂತೆ, ತಮ್ಮನ ಎಲೆಗೆ ತುಪ್ಪ ಎಷ್ಟು ಬಿತ್ತು ಎಂದು ಓರೆಗಣ್ಣಲ್ಲಿ ನೋಡಿದ. ತಿಪ್ಪವ್ವ ಅದನ್ನು ಕಂಡಳು. ಅವನ ಎಲೆಗೆ ಇನ್ನೊಂದು ಮಿಳ್ಳೆ ತುಪ್ಪ ಸುರಿದು, “ಉಣ್ಣೋ,” ಎಂದಳು. ಅವನು ತಲೆ ತಗ್ಗಿಸಿ ಉಂಡ.