ಮೂರು ವರ್ಷದ ಸುಣ್ಣ

ಹೊಳೆ ಕಡಲು ಸೇರುವ ಕಡೆ ಇದ್ದ ಆ ಆಶ್ರಮದಲ್ಲಿ ಒಂದು ಕಟ್ಟುಪಾಡಿತ್ತು. ಉಪದೇಶ ಕೊಡುವ ಗುರುವೂ ಪಡೆಯುವ ಶಿಷ್ಯನೂ ಅಂಗಳದ ಗರಿಕೆ ಹುಲ್ಲಿನ ಮೇಲೆ ಎದುರುಬದುರು ಕೂರಬೇಕು. ಚಾಪೆ ಹಾಸುವಂತಿಲ್ಲ. ಆ ಹುಲ್ಲನ್ನು ಶಿಷ್ಯನೇ ಬೆಳೆಸಿರಬೇಕು.

ಶಂಭುಲಿಂಗ ಸ್ವಾಮಿಗಳು ಹಾಗೆ ಕೂತು ಪಡೆದವರು. ಅವರ ಗುರುಗಳೂ ಹಾಗೆಯೇ.

ಸುಬ್ರಾಯ ಅವರ ಶಿಷ್ಯನಾಗಿ ಬಂದು ಒಂಬತ್ತು ವರ್ಷವಾಗಿತ್ತು. ಅವನ ಪಾಲಿಗೆ ಬಂದ ಅಂಗಳ ಮಾತ್ರ ಹಟ ಹಿಡಿದು ಕೂತಿತ್ತು. ಎಷ್ಟು ನೀರು ಹಾಕಿದರೂ ಗರಿಕೆ ಹಳದಿಯಾಗಿ ಸೊರಗುತ್ತಿತ್ತು. ನಡುನಡುವೆ ಪಾಚಿ ಹಬ್ಬುತ್ತಿತ್ತು. ಸಗಣಿ ಗೊಬ್ಬರಕ್ಕೂ ಅದು ಬಗ್ಗಲಿಲ್ಲ.

ಕೊನೆಗೆ ಅವನು ಸ್ವಾಮಿಗಳ ಮುಂದೆ ಹೋಗಿ, ತನ್ನಿಂದ ಏನು ತಪ್ಪಾಗುತ್ತಿದೆಯೋ ತಿಳಿಯದು ಎಂದು ಹೇಳಿಕೊಂಡ.

ಸ್ವಾಮಿಗಳು ಅಂಗಳಕ್ಕೆ ಬಂದು ಒಂದು ಚಿಟಿಕೆ ಮಣ್ಣನ್ನು ನಾಲಿಗೆಗೆ ಹಚ್ಚಿಕೊಂಡರು. ಇನ್ನೊಂದು ಚಿಟಿಕೆಯನ್ನು ಅವನ ಅಂಗೈಗೆ ಹಾಕಿದರು. ಅವನೂ ನೆಕ್ಕಿದ. ಹುಳಿಗೆ ಮುಖ ಕಿವುಚಿದ.

“ಮಣ್ಣಿಗೆ ಹುಳಿ ಏರಿದೆ,” ಎಂದರು ಸ್ವಾಮಿಗಳು. “ಎಷ್ಟೋ ಮಳೆ ಬಿದ್ದು ಇದರ ಸಾರವನ್ನೆಲ್ಲ ತೊಳೆದುಕೊಂಡು ಹೋಗಿದೆ. ಸುಣ್ಣ ಕೊಡು.”

ಹೊಳೆದಂಡೆಯಲ್ಲಿ ಹಮ್ಮಣ್ಣ ಎಂಬವನು ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದ. ಅವನು ಬಂದು ಅಂಗಳದ ಉದ್ದಗಲ ನಡೆದು ನೋಡಿ, ಮೂರು ಗೋಣಿಚೀಲ ಸುಣ್ಣದ ಪುಡಿ ತಂದಿಳಿಸಿದ. ವರ್ಷಕ್ಕೆ ಒಂದೇ ಚೀಲ, ಮಳೆಗಾಲ ಮುಗಿದ ಮೇಲೆ ತೆಳ್ಳಗೆ ಎರಚಿ ಮಣ್ಣಿಗೆ ಬೆರೆಸಬೇಕು, ಮೂರನೇ ವರ್ಷಕ್ಕೆ ಹುಲ್ಲು ತಾನಾಗಿ ಹಬ್ಬುತ್ತದೆ ಎಂದು ಎರಡೆರಡು ಸಲ ಹೇಳಿ ಹೋದ.

ಆ ವಾರವೇ ಸ್ವಾಮಿಗಳ ಕೆಮ್ಮು ಏರಿತು. ನಾಡಿ ನೋಡಿದ ಪಂಡಿತರು ಸುಬ್ರಾಯನನ್ನು ಹೊರಗೆ ಕರೆದರು. ಮುಂದಿನ ಮಳೆಗಾಲ ದಾಟುವುದು ಕಷ್ಟ ಎಂದು ಹೇಳಿದರು.

ಉಪದೇಶ ಕೊಡದೆಯೇ ಗುರುಗಳು ಹೊರಟುಹೋದರೆ? ಒಂಬತ್ತು ವರ್ಷ ಅವನು ಕಾದದ್ದು ಅದೊಂದಕ್ಕಾಗಿ.

ಸುಬ್ರಾಯ ಓದಿಕೊಂಡವನು. ಓದಿಕೊಂಡವರಿಗೆ ಹೊಳೆಯುವಂಥ ಲೆಕ್ಕವೇ ಅವನಿಗೂ ಹೊಳೆಯಿತು. ಈ ನೆಲಕ್ಕೆ ಬೇಕಾದದ್ದು ಮೂರು ಚೀಲ ತಾನೇ? ಹೇಗೂ ಕೊಡಬೇಕಾದದ್ದನ್ನು ಮೊದಲೇ ಕೊಟ್ಟರೆ ತಪ್ಪೇನು ಎಂದುಕೊಂಡ. ಅವತ್ತು ಸಂಜೆಯೊಳಗೆ ಮೂರೂ ಚೀಲ ಖಾಲಿ ಮಾಡಿದ.

ಎಂಟು ದಿನಕ್ಕೆ ಇದ್ದಬದ್ದ ಗರಿಕೆಯೂ ಸುಟ್ಟುಹೋಯಿತು. ಅಂಗಳ ಬೆಳ್ಳಗೆ ಬೋಳಾಗಿ ಬಿದ್ದುಕೊಂಡಿತು.

ಸ್ವಾಮಿಗಳು ಕೋಲೂರಿಕೊಂಡು ಬಂದರು. ಅರಿಸಿನ ಕಲಸಿದ ನೀರಿನ ತಂಬಿಗೆ ಕೈಯಲ್ಲಿತ್ತು. ಅದನ್ನು ನೆಲಕ್ಕೆ ಸುರಿದರು. ಸುರಿದಲ್ಲೆಲ್ಲ ಓಕುಳಿಯ ಹಾಗೆ ಕೆಂಪಾಯಿತು.

“ಹುಳಿ ಹೋಗಿದೆ,” ಎಂದರು. “ಹುಲ್ಲೂ ಹೋಗಿದೆ.”

ಸುಬ್ರಾಯ ಅವರ ಕಾಲಿಗೆ ಬಿದ್ದ. “ನಿಮಗೆ ಹೆಚ್ಚು ದಿನವಿಲ್ಲ ಅಂತ ಪಂಡಿತರು ಹೇಳಿದರು ಸ್ವಾಮಿ. ಅದಕ್ಕೇ ಅವಸರಪಟ್ಟೆ.”

“ಪಂಡಿತರು ಹೇಳಿದ್ದು ನಿಜ. ಆದರೆ ಅದನ್ನ ಈ ನೆಲಕ್ಕೆ ಯಾರು ಹೇಳಿದರು?”

ಇದೊಂದು ಸಲ ಕಟ್ಟುಪಾಡು ಬಿಟ್ಟು ಚಾಪೆಯ ಮೇಲಾದರೂ ಕೂತು ಉಪದೇಶ ಕೊಡಬೇಕೆಂದು ಸುಬ್ರಾಯ ಬೇಡಿಕೊಂಡ. ಸ್ವಾಮಿಗಳು ಒಳಗೆ ಹೋದರು. ತಿರುಗಿ ಬಂದಾಗ ಅವರ ಕೈಯಲ್ಲಿ ಗುದ್ದಲಿಯಿತ್ತು. ಅದನ್ನು ಅವನ ಮುಂದಿಟ್ಟು, ಮೇಲಿನ ಸುಣ್ಣವನ್ನು ಕೆರೆದು ತೆಗೆಯಲು ಹೇಳಿದರು.

ಅವನು ಕೆರೆದ. ತಿಂಗಳುಗಟ್ಟಲೆ ಬಾವಿಯ ನೀರು ಹೊತ್ತು ಹಾಕಿ ನೆಲ ತೊಳೆದ. ಕಾಡಿನಿಂದ ಕೊಳೆತ ತರಗೆಲೆ ತಂದು ಬೆರೆಸಿದ. ಗದ್ದೆಯ ಬದುವಿನಿಂದ ಗರಿಕೆಯ ಬಳ್ಳಿ ಕಿತ್ತು ತಂದು, ಗೇಣಿಗೊಂದರಂತೆ ಊರಿದ. ಮೊದಲು ಊರಿದ್ದೆಲ್ಲ ಒಣಗಿತು. ಬೇಸರವಾದರೂ ಮತ್ತೆ ಊರಿದ.

ಸ್ವಾಮಿಗಳು ಜಗಲಿಯ ಮೇಲೆ ಮಲಗಿ ನೋಡುತ್ತಿದ್ದರು. ಹೀಗೆ ಮಾಡು, ಹಾಗೆ ಮಾಡು ಎಂದು ಒಂದು ದಿನವೂ ಹೇಳಲಿಲ್ಲ. ಮಾತಾಡಿದರೆ ಕೆಮ್ಮು ಬರುತ್ತಿತ್ತು.

ಮೃಗಶಿರೆ ಮಳೆ ಶುರುವಾಗಿ ನಾಲ್ಕು ದಿನವಾಗಿತ್ತು. ಅವತ್ತು ಬೆಳಿಗ್ಗೆ ಮಳೆ ನಿಂತು ಹೊಳವಾಯಿತು. ಸ್ವಾಮಿಗಳು ತಮ್ಮನ್ನು ಅಂಗಳಕ್ಕೆ ಎತ್ತಿಕೊಂಡು ಹೋಗಲು ಹೇಳಿದರು.

ಸುಬ್ರಾಯ ಎತ್ತಿಕೊಂಡ. ಅವರ ಮೈಯಲ್ಲಿ ಭಾರವೇ ಉಳಿದಿರಲಿಲ್ಲ. ಅವನಿಗೆ ಅಳು ಬಂತು.

“ನಡುವೆ ಇಳಿಸು ನನ್ನನ್ನ,” ಎಂದರು ಸ್ವಾಮಿಗಳು. “ನೀನೂ ಎದುರಿಗೆ ಕೂತುಕೊ. ಹಸಿರು ಕಾಣ್ತಾ ಇದೆಯಲ್ಲ, ಇಷ್ಟು ಸಾಕು. ಇವತ್ತು ಕೊಟ್ಟುಬಿಡ್ತೇನೆ.”

ಸುಬ್ರಾಯ ನೆಲದ ಕಡೆ ನೋಡಿದ. ಊರಿದ ಒಂದೊಂದು ಬಳ್ಳಿಯಲ್ಲೂ ಎರಡು ಮೂರು ಎಳೆಯ ಗರಿ ಎದ್ದಿದ್ದವು. ಹಿಂದಿನ ದಿನ ಒಂದನ್ನು ಮೆಲ್ಲಗೆ ಎಳೆದು ನೋಡಿದ್ದ. ಕೂದಲೆಳೆಯಷ್ಟು ಬೇರು ಮಣ್ಣು ಕಚ್ಚಿತ್ತು.

ಅವನು ಕಾದಿದ್ದ ಮಾತು ಗುರುಗಳ ಬಾಯಿಂದಲೇ ಬಂದಿತ್ತು. ಇನ್ನೊಮ್ಮೆ ಬರುವ ಮಾತಲ್ಲ ಅದು. ಅವನಿಗೆ ಅದು ಚೆನ್ನಾಗಿ ಗೊತ್ತಿತ್ತು. ಆದರೂ ಅವರನ್ನು ಎತ್ತಿಕೊಂಡು ಅಂಗಳದ ಅಂಚಿನಲ್ಲೇ ನಿಂತ.

“ಬೇಡ ಸ್ವಾಮಿ,” ಎಂದ. “ಈಗಷ್ಟೇ ಬೇರು ಹಿಡೀತಾ ಇದೆ. ನಾವು ಕೂತರೆ ಸತ್ತುಹೋಗ್ತದೆ.”

“ಅದು ಹಬ್ಬುವ ಹೊತ್ತಿಗೆ ನಾನಿರೋದಿಲ್ಲ.”

“ಗೊತ್ತು ಸ್ವಾಮಿ.”

ಅವರನ್ನು ಮತ್ತೆ ಜಗಲಿಗೆ ತಂದು ಗೋಡೆಗೆ ಒರಗಿಸಿ ಕೂರಿಸಿದ. ಶಾಲು ಹೊದಿಸಿದ. ಕಳೆದುಕೊಂಡದ್ದರ ನೋವನ್ನು ಅವನು ಮುಚ್ಚಿಡಲಿಲ್ಲ.

ಸ್ವಾಮಿಗಳು ಅಂಗಳದ ಕಡೆ ನೋಡಿದರು. ಆಮೇಲೆ ಅವನ ಕೈ ಹಿಡಿದು ಹತ್ತಿರ ಕೂರಿಸಿಕೊಂಡರು.

“ನಿನಗೆ ಕೊಡೋದು ಇನ್ನೇನೂ ಉಳಿದಿಲ್ಲ. ಹುಲ್ಲು ಹಬ್ಬಿದ ಮೇಲೆ ನನ್ನ ಜಾಗದಲ್ಲಿ ನೀನು ಕೂತುಕೊ ಸುಬ್ರಾಯ. ಎದುರಿಗೆ ಯಾರಾದರೂ ಬರ್ತಾರೆ.”