ಸೂಜಕ್ಕನ ಸೂರು

ಒಂದು ಕಾಡಿನಲ್ಲಿ ಬಿರುಗಾಳಿ ಎದ್ದು, ಬೆಳಗಿನ ಹೊತ್ತಿಗೆ ಅಡಗಿತು. ಮರಗಳು ಉರುಳಿದ್ದವು. ಮಳೆ ಇನ್ನೂ ಬಂದಿರಲಿಲ್ಲ. ಮೋಡ ಕಟ್ಟುತ್ತಿತ್ತು.

ಅಲ್ಲಿ ಎರಡು ಬಂಡೆಗಳ ನಡುವೆ ಸೂಜಕ್ಕ ಎಂಬ ಮುಳ್ಳುಹಂದಿಯ ಮನೆ. ಬಂಡೆಯಿಂದ ಬಂಡೆಗೆ ಕೋಲು ಹಾಸಿ, ಮುತ್ತುಗದ ಎಲೆ ಹೊದಿಸಿ, ಮೇಲೆ ಹುಲ್ಲು ಹರಡಿದ ಸೂರು. ಒಳಗೆ ಆಗಷ್ಟೇ ಹುಟ್ಟಿದ ಮರಿಗಳು. ಮೂಲೆಯಲ್ಲಿ ಮಳೆಗಾಲಕ್ಕೆ ಕೂಡಿಟ್ಟ ಗೆಣಸು. ನೆನೆದರೆ ಮರಿ ಉಳಿಯುವುದಿಲ್ಲ, ಗೆಣಸು ಕೊಳೆಯುತ್ತದೆ.

ಕೆಂಚ ಎಂಬ ಕೋತಿ ಬಂದ.

"ಅಕ್ಕಾ, ದಾರೀಲಿ ಹೋಗ್ತಿದ್ದೆ. ನಿನ್ನ ಸೂರು ನೋಡಿ ಅಯ್ಯೋ ಅನ್ನಿಸ್ತು. ಗಾಳಿ ಹರಿದು ಹಾಕಿದೆ."

"ಎಲ್ಲಿ?"

"ಕೆಳಗಿಂದ ಕಾಣೋದಿಲ್ಲ. ನಿನಗೆ ಹತ್ತೋಕೂ ಬರೋದಿಲ್ಲ. ನಾನು ಹತ್ತಿ ನೋಡ್ತೀನಿ. ನೋಡೋಕೆ ಏನೂ ಬೇಡ. ಸರಿಮಾಡೋಕೆ ನಿನ್ನ ಗೆಣಸಲ್ಲಿ ಅರ್ಧ ಕೊಡು, ಸಾಕು."

"ನೀನಿನ್ನೂ ಹತ್ತೇ ಇಲ್ಲವಲ್ಲ. ಹೇಗೆ ಗೊತ್ತಾಯ್ತು?"

"ಅನುಭವ, ಅಕ್ಕ."

ಸೂಜಕ್ಕ ಒಳಗೆ ಹೋಗಿ ಬಾಗಿಲಿಗೆ ಕಲ್ಲು ಸರಿಸಿದಳು. ಗಾಳಿ ಬೀಸಿ ನಿಂತಾಗಲೆಲ್ಲ ಅವಳ ತಾಯಿ ಹೀಗೆಯೇ ಮಾಡುತ್ತಿದ್ದಳು. ಬಾಗಿಲು ಮುಚ್ಚಿ ಕತ್ತಲಲ್ಲಿ ಕೂರುವುದು, ತಲೆಯೆತ್ತಿ ನೋಡುವುದು. ತೂತಿದ್ದಲ್ಲಿ ಬೆಳಕು ಚುಕ್ಕಿಯಾಗಿ ಕಾಣುತ್ತದೆ.

ನೋಡಿದಳು. ಒಂದು ಚುಕ್ಕಿಯೂ ಇರಲಿಲ್ಲ.

ಇಲ್ಲದ ತೂತು ಕೆಂಚನಿಗೆ ಹೇಗೆ ಕಂಡಿತು? ಸೂಜಕ್ಕನಿಗೆ ಕುತೂಹಲ. ಕತ್ತಲಲ್ಲೇ ಸೂರು ನೋಡುತ್ತ ಕಾದಳು.

ಮೇಲೆ ಸರಸರ ಸದ್ದಾಯಿತು. ಒಂದು ಚುಕ್ಕಿ ಬೆಳಕು ಮೂಡಿತು. ಅದರೊಳಗಿಂದ ಒಂದು ಬೆರಳು ಇಣುಕಿ, ಹಿಂದಕ್ಕೆ ಹೋಯಿತು.

"ಸಿಕ್ತಾ ಕೆಂಚ?"

"ಒಂದು ಸಿಕ್ತು ಅಕ್ಕ. ಪಾಪ, ಎಂಥಾ ಗಾಳಿ."

"ಇನ್ನೂ ಇವೆಯಾ?"

"ಹುಡುಕ್ತಿದ್ದೀನಿ."

ಮತ್ತೆ ಸರಸರ. ಇನ್ನೊಂದು ಚುಕ್ಕಿ.

"ಇಲ್ಲೂ ಇದೆ ಅಕ್ಕ. ಅರ್ಧ ಗೆಣಸು ಸಾಲದು ಅನ್ನಿಸುತ್ತೆ."

ಈಗ ಒಂದು ಕೋಲು ಅಲುಗತೊಡಗಿತು. ಸೂಜಕ್ಕ ಮರಿಗಳನ್ನು ಮೂಲೆಗೆ ತಳ್ಳಿದಳು. ಅವುಗಳಿಗೆ ಅಡ್ಡ ನಿಂತು ಮುಳ್ಳೆಬ್ಬಿಸಿದಳು.

"ಕೆಂಚ, ಕೋಲು ಕೀಳಬೇಡ. ಬೀಳ್ತೀಯ."

"ಸೂರಿನ ವಿಚಾರ ನಿನಗೇನು ಗೊತ್ತು, ಸುಮ್ನಿರು."

ಕೋಲು ಕಿತ್ತು ಬಂತು. ಅದರ ಹಿಂದೆಯೇ ಕೆಂಚನೂ ಬಂದ. ನೇರವಾಗಿ ಮುಳ್ಳಿನ ಮೇಲೆ ಕೂತ.

ಅವನ ಕೂಗಿಗೆ ಮರದ ಮೇಲಿನ ಗಿಳಿಗಳೆಲ್ಲ ಹಾರಿದವು.

"ಮುಳ್ಳು ಕೀಳು ಅಕ್ಕ, ಕಾಲಿಗೆ ಬೀಳ್ತೀನಿ."

"ಮೊದಲು ಸೂರು. ಆಮೇಲೆ ಮುಳ್ಳು. ಮಳೆ ಬರ್ತಿದೆ."

ಕೆಂಚ ಕೋಲು ಹಾಸಿದ, ಎಲೆ ಹೊದಿಸಿದ, ಹುಲ್ಲು ಹರಡಿದ. ಕೂರಲು ಆಗಲಿಲ್ಲ. ಎಲ್ಲವನ್ನೂ ನಿಂತೇ ಮಾಡಿದ.

ಸೂಜಕ್ಕ ಬಾಗಿಲು ಮುಚ್ಚಿ ಮತ್ತೆ ಕತ್ತಲಲ್ಲಿ ಕೂತಳು. ಒಂದು ಚುಕ್ಕಿಯೂ ಇರಲಿಲ್ಲ. ಹೊರಗೆ ಬಂದು ಅವನ ಮುಳ್ಳು ಕಿತ್ತಳು.

"ಗೆಣಸು?" ಎಂದ ಕೆಂಚ, ಮೆಲ್ಲಗೆ.

"ಇನ್ನೊಂದು ಮುಳ್ಳು ಉಳಿದಿದೆಯಾ, ತಿರುಗು ನೋಡೋಣ," ಎಂದು ಸೂಜಕ್ಕ ಮತ್ತೆ ಮುಳ್ಳೆಬ್ಬಿಸಿದಳು.

ಕೆಂಚ ತಿರುಗಲಿಲ್ಲ. ಓಡಿದ. ಮಳೆ ಶುರುವಾಯಿತು. ಒಳಗೆ ಮರಿಗಳು ಬೆಚ್ಚಗೆ ಮಲಗಿದ್ದವು.

ನೀತಿ: ಹೆದರಿಸಿ ಸಹಾಯಕ್ಕೆ ಬರುವವನ ಮಾತು ನಂಬುವ ಮೊದಲು, ನಿನ್ನ ಮನೆಯನ್ನು ನೀನೇ ಕಣ್ಣಾರೆ ನೋಡು.