ಅರಸರ ಆಲೆಮನೆಯ ಮೂರು ಒಗಟು

ಡಂಗುರದವನು ಪೇಟೆ ಬೀದಿಯಲ್ಲಿ ನಿಂತು ತಮಟೆ ಬಡಿದ: "ಕೇಳ್ರಪ್ಪೋ ಕೇಳಿ! ರಾಜಕುಮಾರಿ ಮುದ್ದಾಜಮ್ಮಣ್ಣಿಯವರು ಮೂರು ಒಗಟು ಹಾಕ್ತಾರೆ. ಬಿಡಿಸಿದವನು ಅರಮನೆಯ ಅಳಿಯ, ಕೇಳಿದ್ದು ಕೊಡ್ತಾರೆ. ತಪ್ಪು ಹೇಳಿದವನು ಸಾಯೋತನಕ ಅರಸರ ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡಬೇಕು!"

ಸಾಯೋತನಕ ಅಂದರೆ ಬಹಳ ದಿನವೇನಲ್ಲ ಅಂತ ಊರಿಗೆಲ್ಲ ಗೊತ್ತಿತ್ತು. ಬೆಲ್ಲ ಬೇಗ ಬೇಗ ಇಳಿಯಲಿ ಅಂತ ಅರಸ, ಕೈ ಸಿಕ್ಕದಂತೆ ಗಾಣದ ಬಾಯಿಗಿದ್ದ ಅಡ್ಡಹಲಗೆಯನ್ನೇ ಕೀಳಿಸಿದ್ದ. ಕುದಿಯುವ ಕೊಪ್ಪರಿಗೆಯನ್ನು ರಾಟೆಗೆ ಕಟ್ಟಿ, ಆಳುಗಳ ತಲೆ ಮೇಲೇ ಸಾಗಿಸುತ್ತಿದ್ದರು.

ಆಲೆಮನೆಯ ಆಳು ಜವರನ ಬಲಗೈಯ ನಡುವಿನ ಬೆರಳುಗಳು ಹೋದದ್ದು ಆ ಗಾಣಕ್ಕೇ. "ತೂಕಡಿಸಿದೆ, ಅನುಭವಿಸು" ಅಂದಿದ್ದ ಆಲೆಮನೆಯ ಮೇಲ್ವಿಚಾರಣೆಯ ಪಾರುಪತ್ತೇಗಾರ. ಜವರ ತೂಕಡಿಸಿರಲಿಲ್ಲ. ಆದರೂ ಹತ್ತು ಜನ ಅದನ್ನೇ ಅಂದಾಗ ಹೌದೇನೋ ಅನ್ನಿಸಿಬಿಟ್ಟಿತು, ಪಾಪ. ಅಂದಿನಿಂದ ಕೈಯನ್ನು ಹೆಗಲ ವಲ್ಲಿಯೊಳಗೆ ಸುತ್ತಿಟ್ಟುಕೊಂಡು, ಉಣ್ಣುವಾಗಲೂ ಗೋಡೆ ಕಡೆ ತಿರುಗಿ ಉಣ್ಣುತ್ತಿದ್ದ. ಅವನ ಜಾಗದಲ್ಲಿ ಈಗ ಅವನ ಅವ್ವ ಕಾಳವ್ವ ಕಬ್ಬು ಕೊಡುತ್ತಿದ್ದಳು, ಕಣ್ಣು ಮಂಜಾದ ಮುದುಕಿ. ಅವಳು ಕೆಲಸಕ್ಕೆ ಹೊರಟಾಗಲೆಲ್ಲ ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೆ ಅನ್ನಿಸುತ್ತಿತ್ತು ಅವನಿಗೆ. ಅವ್ವನ ಕೈ ಉಳಿದರೆ ಸಾಕು ಅಂತ ಅರಮನೆಗೆ ನಡೆದ.

ಅಲ್ಲಿ ರಾಜಕುಮಾರಿಯ ಒಗಟು ಶುರುವಾಗಿತ್ತು. "ಇಬ್ಬರು ಅಣ್ಣತಮ್ಮಂದಿರು ಮೈಗೆ ಮೈ ಒತ್ತಿ ಸುತ್ತುತ್ತಾರೆ. ಕಣ್ಣಿಲ್ಲ. ಸಿಹಿಯನ್ನು ನಮಗೆ ಕೊಟ್ಟು, ಉಣಿಸಿದ ಕೈಯನ್ನೇ ತಿನ್ನುತ್ತಾರೆ. ಯಾರವರು?"

"ಸೂರ್ಯ ಚಂದ್ರರು!" ಅಂದ ಜರತಾರಿ ಪೇಟದ ಪಾಳೆಯಗಾರ. ಭಟರು ಅವನನ್ನು ಆಲೆಮನೆಗೆ ಎಳೆದೊಯ್ದರು.

ಮಂತ್ರಿಯ ಮಗ ಜಾಣ, ಗಾಣವೆಂದು ಹೇಳಿ ಗೆದ್ದ. ಎರಡನೆಯದು ಬಂತು: "ಮೇಲಿರುವಾಗ ಯಾರೂ ನೋಡುವುದಿಲ್ಲ. ಕೆಳಗೆ ಬಂದಾಗ ಒಬ್ಬನನ್ನು ಬಿಟ್ಟು ಎಲ್ಲರೂ ನೋಡುತ್ತಾರೆ. ಏನದು?"

"ತೆಂಗಿನಕಾಯಿ" ಅಂದ. ಸಭೆ ಗೊಳ್ಳೆಂದು ನಕ್ಕಿತು. ಅವನೂ ಹೋದ.

ಆಗ ಜವರ ತಲೆ ತಗ್ಗಿಸಿಕೊಂಡೇ ಮುಂದೆ ಬಂದ. "ಮೊದಲನೆಯದು ಗಾಣದ ಉರುಳೆಗಳೇ, ಅಮ್ಮಣ್ಣಿ. ಎರಡನೆಯದು ರಾಟೆಗೆ ತೂಗೋ ಕೊಪ್ಪರಿಗೆ. ಹಗ್ಗ ಹರಿದಾಗ ನಾವೆಲ್ಲ ನೋಡಿದ್ವಿ. ಕೆಳಗಿದ್ದ ನಮ್ಮ ಬೋರಯ್ಯ ನೋಡಲಿಲ್ಲ."

ಎರಡೂ ಸರಿಯಾಗಿದ್ದವು. ರಾಜಕುಮಾರಿ ಮೆಲ್ಲಗೆ ಮೂರನೆಯದನ್ನು ಕೇಳಿದಳು: "ತಪ್ಪು ಮಾಡಿದವನ ಸೊತ್ತು, ಪೆಟ್ಟು ತಿಂದವನ ಮನೆಯಲ್ಲಿ ಕೂತಿದೆ. ಏನದು?"

ಜವರನ ಉತ್ತರ ವಲ್ಲಿಯೊಳಗೇ ಇತ್ತು. ಅಷ್ಟು ಜನರೆದುರು ಅದನ್ನು ಬಿಚ್ಚುವುದಕ್ಕಿಂತ ಗಾಣವೇ ವಾಸಿ ಅನ್ನಿಸಿತು. ಅವ್ವ ನೆನಪಾದಳು. ಬಿಚ್ಚಿದ.

"ನಾಚಿಕೆ, ತಾಯಿ. ಇದು ನನ್ನದಲ್ಲ, ಆದರೂ ನಾನೇ ಹೊತ್ತಿದ್ದೀನಿ." ಅರಸನ ಕಡೆ ತಿರುಗಿದ. "ಮಹಾಸ್ವಾಮಿ, ಒಗಟು ತಪ್ಪಿದವರಿಗೆ ಕೊಡೋ ಶಿಕ್ಷೆ ನಮಗೆ ದಿನದ ಕೂಲಿ. ನಾವು ಯಾವ ಒಗಟು ತಪ್ಪಿದ್ವಿ?"

ರಾಜಕುಮಾರಿಯೂ ಅಪ್ಪನ ಕಡೆ ತಿರುಗಿದಳು: "ಆಲೆಮನೆಯ ಕೂಗು ಕೇಳಿ ಯಾರದೆಂದು ಕೇಳಿದೆ. ಎತ್ತು ಕೂಗ್ತು ಅಂದಿರಿ, ಅಪ್ಪಾಜಿ. ನೇರವಾಗಿ ಕೇಳಿದರೆ ನಿಜ ಬರಲಿಲ್ಲ. ಅದಕ್ಕೇ ಒಗಟು ಹಾಕಿದೆ."

ಜವರ ಕೇಳಿದ್ದು ಇಷ್ಟೇ: ಹಲಗೆ ವಾಪಸು ಬರಬೇಕು, ಕೊಪ್ಪರಿಗೆಯ ಕೆಳಗೆ ಯಾರೂ ನಿಲ್ಲಬಾರದು. ಅರಸ ಒಪ್ಪಿ ಒಗಟಿನ ಶಿಕ್ಷೆಯನ್ನೂ ತೆಗೆದ. ಅಂದು ಸಂಜೆಯೇ ಕಾಳವ್ವ ಗಾಣ ಬಿಟ್ಟು ಮನೆಗೆ ಬಂದಳು, ಪಾಳೆಯಗಾರನೂ ಮಂತ್ರಿಯ ಮಗನೂ ಅವಳ ಹಿಂದೆ ಕೈಬೆರಳು ಎಣಿಸಿಕೊಳ್ಳುತ್ತ ಬಂದರು.

"ಮದುವೆ ಮಾತು ಮರೆತೇ ಹೋಯಿತೇನು?" ಅಂತ ಛೇಡಿಸಿದವಳು ಮುದ್ದಾಜಮ್ಮಣ್ಣಿಯೇ.

ಧಾರೆಯ ಹೊತ್ತಿಗೆ ಜವರ ಎಡಗೈ ಚಾಚಿದ. "ಅದಲ್ಲ" ಅಂದು ಅವಳು ಬಲಗೈಯನ್ನೇ ಎಳೆದು ಹಿಡಿದಳು. ಅರಸ ಹಾಲೆರೆದ. ಹಾಲು ಬೆರಳಿಲ್ಲದ ಕಡೆಯಿಂದ ಸೋರಿ ಎರೆದವನ ಪಾದದ ಮೇಲೇ ಬಿತ್ತು. ಅರಸ ತಲೆ ಎತ್ತಲಿಲ್ಲ. ಹೆಣ್ಣು ಹೆತ್ತವರಲ್ಲವೆ, ಕಣ್ಣೀರು ಬರುತ್ತದೆ ಅಂತ ಜನ ಅಂದುಕೊಂಡರು. ಅದು ಏನೆಂದು ಜವರನಿಗೆ ಗೊತ್ತಿತ್ತು. ಇಷ್ಟು ದಿನ ಅದನ್ನು ಹೊತ್ತವನು ಅವನೇ ಅಲ್ಲವೆ.